ಕಳುಹಿಸಿದವರು ಯಾರು?

ಇನ್‌ಲ್ಯಾಂಡ್ ಪತ್ರ ಬರೆದು ಅಭ್ಯಾಸವಿದ್ದವರಿಗೆ ಗೊತ್ತು. ಒಳಗೆಲ್ಲ ಕ್ಷೇಮ ಸಮಾಚಾರ ತುಂಬಿಸಿ, ಮಡಚಿ, ಅಂಟಿಸಿದ ಮೇಲೆ ಹಿಂಬದಿಯಲ್ಲಿ ಒಂದಿಷ್ಟು ಜಾಗ ಉಳಿಯುತ್ತದೆ. ಕಳುಹಿಸುವವರ ಹೆಸರು ಮತ್ತು ವಿಳಾಸ ಬರೆಯುವ ಜಾಗ ಅದು. ಅಲ್ಲಿ ನೀವು ಏನು ಬರೆದರೂ ಅಂಚೆಯವರು ಕೇಳುವುದಿಲ್ಲ. ಫರಂಗಿಪೇಟೆಯ ಅಂಚೆ ಡಬ್ಬಿಗೆ ಹಾಕಿದ ಪತ್ರದ ಹಿಂದೆ ದೆಹಲಿಯ ವಿಳಾಸ ಇದ್ದರೂ ಅದು ತಲುಪಬೇಕಾದವರಿಗೆ ತಲುಪುತ್ತದೆ. ಪತ್ರ ಪಡೆದವರು ಮಾತ್ರ ಆ ನಾಲ್ಕು ಸಾಲುಗಳನ್ನೇ ನಂಬಿ ಉತ್ತರ ಬರೆಯುತ್ತಾರೆ.

ಕಂಪ್ಯೂಟರಿನಲ್ಲೂ ಇಂಥದೇ ಒಂದು ಜಾಗವಿದೆ. ಇ-ಮೇಲ್ ತಂತ್ರಾಂಶವನ್ನೋ ನ್ಯೂಸ್‌ರೀಡರ್ ತಂತ್ರಾಂಶವನ್ನೋ ಮೊದಲ ಸಲ ತೆರೆದಾಗ ಅದು ಎರಡು ಖಾಲಿ ಚೌಕಗಳನ್ನು ಮುಂದಿಡುತ್ತದೆ. ಒಂದರಲ್ಲಿ ನಿಮ್ಮ ಹೆಸರು, ಇನ್ನೊಂದರಲ್ಲಿ ನಿಮ್ಮ ಇ-ಮೇಲ್ ವಿಳಾಸ. ಬೇಗ ಮುಂದೆ ಹೋಗುವ ಅವಸರದಲ್ಲಿ ಮಕ್ಕಳು ಅಲ್ಲಿ ಏನಾದರೊಂದು ಟೈಪ್ ಮಾಡಿ ಬಿಡುತ್ತಾರೆ. ಆ ಎರಡು ಚೌಕಗಳ ಬಗ್ಗೆ ಈ ವಾರ ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಗೋಡೆಗೆ ಅಂಟಿಸಿದ ಕಾಗದ

ಮೊದಲು ನ್ಯೂಸ್‌ಗ್ರೂಪ್ ಎಂದರೇನೆಂದು ನೋಡೋಣ. ಇ-ಮೇಲ್ ಒಬ್ಬರಿಂದ ಒಬ್ಬರಿಗೆ ಹೋಗುವ ಪತ್ರ. ನ್ಯೂಸ್‌ಗ್ರೂಪಿನ ಬರಹ ಊರಿನ ಗೋಡೆಗೆ ಅಂಟಿಸಿದ ಕಾಗದ. ಹೋಗಿ ಬರುವವರೆಲ್ಲ ಓದಬಹುದು, ಬೇಕಿದ್ದರೆ ಅದರ ಕೆಳಗೆ ತಮ್ಮದೊಂದು ಕಾಗದ ಅಂಟಿಸಬಹುದು. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಗೋಡೆ ಒಂದಲ್ಲ. ನೀವು ಬರೆದದ್ದು ಒಂದು ಸರ್ವರಿನಿಂದ ಇನ್ನೊಂದಕ್ಕೆ ನಕಲಾಗುತ್ತಾ ದೇಶ ದೇಶಗಳ ಗೋಡೆಗಳನ್ನು ಸೇರುತ್ತದೆ.

ಯೂಸ್‌ನೆಟ್ ಎಂಬ ಈ ವ್ಯವಸ್ಥೆಯನ್ನು 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ವಿದ್ಯಾರ್ಥಿಗಳು ಯೋಚಿಸಿದರು. 1980ರಲ್ಲಿ ಅದು ನಡೆಯತೊಡಗಿತು. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆ 1995ರ ಆಗಸ್ಟ್ 15ರಂದು ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆಯಿತು. ಆ ದಶಕದಲ್ಲಿ ಕರ್ನಾಟಕದ ಹೆಸರಿನಲ್ಲೇ ಒಂದು ನ್ಯೂಸ್‌ಗ್ರೂಪ್ ಇತ್ತು: ಸಾಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಡಾಟ್ ಕರ್ನಾಟಕ. ತೆರೆಯ ಮೇಲೆ ಕನ್ನಡ ಅಕ್ಷರ ಮೂಡಿಸುವುದು ಕಷ್ಟವಿದ್ದ ಕಾಲ ಅದು. ಹಾಗಾಗಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು ಮಾತಾಡಿಕೊಳ್ಳಬೇಕಿತ್ತು.

ಈಗ ಆ ಸಂತೆಯಲ್ಲಿ ಹಿಂದಿನ ಗದ್ದಲವಿಲ್ಲ. ಗೂಗಲ್ ಸಂಸ್ಥೆ ತನ್ನ ಗೂಗಲ್ ಗ್ರೂಪ್ಸ್ ಮೂಲಕ ಯೂಸ್‌ನೆಟ್‌ಗೆ ಹೊಸದಾಗಿ ಬರೆಯುವ ಸೌಲಭ್ಯವನ್ನು 2024ರ ಫೆಬ್ರವರಿ 22ರಿಂದ ನಿಲ್ಲಿಸಿತು. ಹಾಗೆಂದು ಯೂಸ್‌ನೆಟ್ ಮುಚ್ಚಿಹೋಗಿಲ್ಲ. ಥಂಡರ್‌ಬರ್ಡ್, ಪ್ಯಾನ್, ಎಸ್ಎಲ್ಆರ್‌ಎನ್, ಟಿನ್ ಮುಂತಾದ ತಂತ್ರಾಂಶಗಳಲ್ಲಿ ಇಂದಿಗೂ ಅದನ್ನು ಓದಬಹುದು, ಬರೆಯಬಹುದು. ಕಂಪ್ಯೂಟರ್ ಭಾಷೆಗಳನ್ನು ಕಲಿಯುವ ವಿದ್ಯಾರ್ಥಿಗೆ ಅಲ್ಲಿ ಅನುಭವಸ್ಥರ ಉತ್ತರಗಳು ರಾಶಿ ರಾಶಿಯಾಗಿ ಸಿಗುತ್ತವೆ.

ಚೌಕಗಳಿರುವುದು ಎಲ್ಲಿ?

ಥಂಡರ್‌ಬರ್ಡಿನಲ್ಲಿ ಹೊಸ ನ್ಯೂಸ್‌ಗ್ರೂಪ್ ಅಕೌಂಟ್ ಸೇರಿಸುವಾಗಲೇ ಹೆಸರು ಮತ್ತು ಇ-ಮೇಲ್ ವಿಳಾಸವನ್ನು ಕೇಳುತ್ತಾರೆ. ನಂತರ ಸರ್ವರಿನ ಹೆಸರು. ಮುಂದೆ ಬದಲಾಯಿಸಬೇಕೆನಿಸಿದರೆ ‘ಅಕೌಂಟ್ ಸೆಟ್ಟಿಂಗ್ಸ್’ ಪುಟಕ್ಕೆ ಹೋಗಿ ಆ ನ್ಯೂಸ್ ಅಕೌಂಟಿನ ಹೆಸರಿನ ಮೇಲೆ ಒತ್ತಿದರೆ ಅದೇ ಚೌಕಗಳು ಮತ್ತೆ ಕಾಣುತ್ತವೆ. ಅಲ್ಲಿ ಇನ್ನೂ ಮೂರು ಚೌಕಗಳಿವೆ: ಉತ್ತರ ಬೇರೆ ವಿಳಾಸಕ್ಕೆ ಬರಬೇಕಿದ್ದರೆ ಅದಕ್ಕೊಂದು, ಸಂಸ್ಥೆಯ ಹೆಸರಿಗೊಂದು, ಪತ್ರದ ಕೊನೆಯಲ್ಲಿ ತಾನಾಗಿ ಸೇರುವ ಸಹಿಗೊಂದು. ಇವು ಮೂರೂ ಐಚ್ಛಿಕ. ಖಾಲಿ ಬಿಟ್ಟರೆ ಏನೂ ನಷ್ಟವಿಲ್ಲ.

ನೆನಪಿಡಿ: ನಿಮ್ಮ ಇ-ಮೇಲ್ ಅಕೌಂಟಿನ ಹೆಸರು ಬೇರೆ, ನ್ಯೂಸ್ ಅಕೌಂಟಿನ ಹೆಸರು ಬೇರೆ. ಒಂದರಲ್ಲಿ ಬದಲಾಯಿಸಿದರೆ ಇನ್ನೊಂದರಲ್ಲಿ ತಾನಾಗಿ ಬದಲಾಗುವುದಿಲ್ಲ. ಮನೆಯಲ್ಲಿ ಒಂದೇ ಕಂಪ್ಯೂಟರನ್ನು ಅಣ್ಣ ತಂಗಿ ಇಬ್ಬರೂ ಬಳಸುವುದಾದರೆ ಇದನ್ನು ಗಮನಿಸಲೇಬೇಕು. ಅಣ್ಣ ತನ್ನ ಹೆಸರು ಹಾಕಿಟ್ಟ ಅಕೌಂಟಿನಿಂದ ತಂಗಿ ಪ್ರಶ್ನೆ ಕೇಳಿದರೆ, ಲೋಕಕ್ಕೆಲ್ಲ ಅದು ಅಣ್ಣನ ಪ್ರಶ್ನೆ!

ಲಿನಕ್ಸ್ ಅಥವಾ ಯುನಿಕ್ಸ್ ಯಂತ್ರದಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಅಲ್ಲಿನ ಹಳೆಯ ತಂತ್ರಾಂಶಗಳು ನೀವು ಏನೂ ಹೇಳದಿದ್ದರೆ ಸುಮ್ಮನಿರುವುದಿಲ್ಲ. ಯಂತ್ರದಲ್ಲಿ ನಿಮ್ಮ ಲಾಗಿನ್ ಹೆಸರು ಏನಿದೆಯೋ ಅದನ್ನೂ, ಯಂತ್ರಕ್ಕೆ ಏನು ಹೆಸರಿಟ್ಟಿದೆಯೋ ಅದನ್ನೂ ನಡುವೆ ಅಟ್ ಚಿಹ್ನೆ ಹಾಕಿ ಜೋಡಿಸಿ ಒಂದು ವಿಳಾಸ ಮಾಡಿಬಿಡುತ್ತವೆ. ಯಂತ್ರದ ಹೆಸರು ‘ಲೋಕಲ್‌ಹೋಸ್ಟ್’ ಎಂದಿದ್ದರೆ ವಿಳಾಸವೂ ಹಾಗೆಯೇ ಆಗುತ್ತದೆ. ‘ನಮ್ಮ ಮನೆ, ನಮ್ಮ ಊರು’ ಎಂದು ಲಕೋಟೆಯ ಮೇಲೆ ಬರೆದ ಹಾಗೆ! ಎಸ್ಎಲ್ಆರ್‌ಎನ್ ಬಳಸುವವರು ಅದರ ಸೆಟ್ಟಿಂಗ್ ಕಡತದಲ್ಲಿ ರಿಯಲ್‌ನೇಮ್, ಯೂಸರ್‌ನೇಮ್, ಹೋಸ್ಟ್‌ನೇಮ್ ಎಂಬ ಮೂರು ಸಾಲುಗಳನ್ನು ತಾವೇ ತುಂಬಬೇಕು. ಮೊದಲನೆಯದು ಹೆಸರು. ಉಳಿದೆರಡು ವಿಳಾಸದ ಎಡಭಾಗ ಮತ್ತು ಬಲಭಾಗ.

ಹೆಸರಿನ ಚುಕ್ಕಿ

ನಮ್ಮ ಕರಾವಳಿಯ ಹೆಸರುಗಳಲ್ಲಿ ಊರೂ ಸೇರಿಕೊಂಡಿರುತ್ತದೆ. ಕನ್ನಡ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟ ಕೆ. ಪಿ. ರಾವ್ ಅವರ ಹೆಸರಿನ ‘ಕೆ’ ಎಂದರೆ ಮಂಗಳೂರಿನ ಹತ್ತಿರದ ಕಿನ್ನಿಕಂಬಳ. ಶಿವರಾಮ ಕಾರಂತರ ‘ಕೆ’ ಕೋಟ. ಕಾಸರಗೋಡಿನ ಕಿಞ್ಞಣ್ಣ ರೈಗಳ ಮುಂದೆ ಕಯ್ಯಾರ. ಹೀಗೆ ಅಕ್ಷರ, ಚುಕ್ಕಿ, ಮತ್ತೆ ಅಕ್ಷರ, ಚುಕ್ಕಿ ಎಂದು ಬರೆಯುವುದು ನಮಗೆ ಸಹಜ.

ಕಂಪ್ಯೂಟರಿಗೆ ಅದು ಅಷ್ಟು ಸಹಜವಲ್ಲ. ‘ಇವರಿಂದ’ ಎಂಬ ಸಾಲನ್ನು ಹೇಗೆ ಬರೆಯಬೇಕೆಂಬ ನಿಯಮ 1982ರಲ್ಲಿ ಇ-ಮೇಲ್‌ಗೆ ಬಂತು. 1987ರಲ್ಲಿ ಯೂಸ್‌ನೆಟ್ಟಿಗೂ ಅದೇ ಮಾದರಿಯಲ್ಲಿ ನಿಯಮ ಬರೆದರು. ಅದರ ಪ್ರಕಾರ ಚುಕ್ಕಿ ವಿಶೇಷ ಚಿಹ್ನೆ, ಏಕೆಂದರೆ ವಿಳಾಸದ ಭಾಗಗಳನ್ನು ಬೇರ್ಪಡಿಸುವುದು ಅದೇ. ಹೆಸರಿನೊಳಗೆ ಚುಕ್ಕಿ ಬಂದರೆ ಇಡೀ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಗಳ ಒಳಗೆ ಇಡಬೇಕು. ಅಲ್ಪವಿರಾಮದ ಕಥೆಯೂ ಹೀಗೆಯೇ. ಅಡ್ಡಹೆಸರನ್ನು ಮೊದಲು ಬರೆದು ಅಲ್ಪವಿರಾಮ ಹಾಕಿ ‘ರಾವ್, ಕೆ. ಪಿ.’ ಎಂದು ಕೊಟ್ಟರೆ, ಉದ್ಧರಣ ಚಿಹ್ನೆ ಇಲ್ಲದಿದ್ದಾಗ ಯಂತ್ರ ಅದನ್ನು ಇಬ್ಬರೆಂದು ಓದೀತು. ಇಂದಿನ ಹೆಚ್ಚಿನ ತಂತ್ರಾಂಶಗಳು ಈ ಚಿಹ್ನೆಗಳನ್ನು ತಾವೇ ಸೇರಿಸುತ್ತವೆ. ಹಳೆಯದನ್ನು ಬಳಸುವವರು ಚುಕ್ಕಿ ಬಿಟ್ಟು ಬರೆಯುವುದೇ ಸುಲಭ.

ಕನ್ನಡದಲ್ಲೇ ಹೆಸರು ಬರೆಯಬಹುದೇ? ಖಂಡಿತ ಬರೆಯಬಹುದು. ಆದರೆ ‘ಇವರಿಂದ’ ಎಂಬ ಸಾಲು ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳಿಗಾಗಿ. ಬೇರೆ ಲಿಪಿಯ ಹೆಸರನ್ನು ಆ ಸಾಲಿನಲ್ಲಿ ಕಟ್ಟಿಕೊಡುವ ಉಪಾಯ 1990ರ ದಶಕದಲ್ಲಿ ನಿಯಮವಾಗಿ ಬಂತು. ಉದಾಹರಣೆಗೆ ‘ಶಾರದಾ’ ಎಂಬ ಹೆಸರನ್ನು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಮೂಲಾಕ್ಷರ ಮೂರು ಮತ್ತು ದೀರ್ಘದ ಗುರುತು ಎರಡು, ಒಟ್ಟು ಐದು ಸಂಕೇತ. ಒಂದೊಂದಕ್ಕೂ ಮೂರು ಬೈಟ್‌ನಂತೆ 15 ಬೈಟ್. ಅದನ್ನು ಇಂಗ್ಲಿಷ್ ಅಕ್ಷರಗಳ ಗಂಟಾಗಿ ಕಟ್ಟಿದರೆ 20 ಅಕ್ಷರ. ಗಂಟಿನ ಆಚೀಚೆ ಸಮಚಿಹ್ನೆ, ಪ್ರಶ್ನಾರ್ಥಕ ಚಿಹ್ನೆಗಳ ದಾರ. ಪಡೆದವರ ತಂತ್ರಾಂಶಕ್ಕೆ ಗಂಟು ಬಿಚ್ಚಲು ಗೊತ್ತಿದ್ದರೆ ‘ಶಾರದಾ’ ಎಂದೇ ಕಾಣುತ್ತದೆ, ಗೊತ್ತಿಲ್ಲದಿದ್ದರೆ ಗಂಟೇ ಕಾಣುತ್ತದೆ. ಹಾಗಾಗಿ ಕನ್ನಡದವರ ನಡುವೆ ಬರೆಯುವಾಗ ಕನ್ನಡ ಹೆಸರು, ಹೊರಗಿನವರ ಗುಂಪಿನಲ್ಲಿ ಇಂಗ್ಲಿಷ್ ಅಕ್ಷರದ ಹೆಸರು ಎಂದು ಇಟ್ಟುಕೊಂಡರೆ ತೊಂದರೆ ಕಡಿಮೆ. ಇಂಗ್ಲಿಷಿನಲ್ಲಿ ಬರೆಯುವಾಗ ಕಾಗುಣಿತ ಒಂದೇ ಇರಲಿ. ಇವತ್ತು ಒಂದು ರೀತಿ, ನಾಳೆ ಇನ್ನೊಂದು ರೀತಿ ಬರೆದರೆ ಓದುವವರಿಗೆ ನೀವು ಇಬ್ಬರಾಗುತ್ತೀರಿ.

ವಿಳಾಸ ಎಂಬ ಬಾಗಿಲು

ಎರಡನೆಯ ಚೌಕ ಇನ್ನೂ ಸೂಕ್ಷ್ಮ. ಗೋಡೆಗೆ ಅಂಟಿಸುವ ಕಾಗದದಲ್ಲಿ ಮನೆಯ ವಿಳಾಸ ಬರೆದರೆ ಯಾರು ಬೇಕಾದರೂ ಬಾಗಿಲು ತಟ್ಟಬಹುದು. ಅಮೆರಿಕದ ಅರಿಝೋನಾದ ಇಬ್ಬರು ವಕೀಲರು, ಕ್ಯಾಂಟರ್ ಮತ್ತು ಸೀಗೆಲ್, 1994ರ ಏಪ್ರಿಲ್‌ನಲ್ಲಿ ತಮ್ಮ ಜಾಹೀರಾತನ್ನು ಸಾವಿರಾರು ನ್ಯೂಸ್‌ಗ್ರೂಪುಗಳಿಗೆ ಒಮ್ಮೆಗೇ ಎಸೆದು ಎಲ್ಲರ ಕೋಪಕ್ಕೆ ಗುರಿಯಾದರು. ಅದರ ನಂತರ ಇಂಥ ಜಾಹೀರಾತುಗಳ ಹಾವಳಿ ಹೆಚ್ಚುತ್ತಲೇ ಹೋಯಿತು. ನ್ಯೂಸ್‌ಗ್ರೂಪುಗಳಲ್ಲಿ ಕಂಡ ವಿಳಾಸಗಳನ್ನೆಲ್ಲ ಯಂತ್ರದ ಮೂಲಕ ಆಯ್ದು ಪಟ್ಟಿ ಮಾಡಿ, ಅವುಗಳಿಗೆಲ್ಲ ಪತ್ರ ಸುರಿಯುವವರು ಹುಟ್ಟಿಕೊಂಡರು.

ಹಾಗಾದರೆ ಏನು ಮಾಡುವುದು? ದಾರಿ ಮೂರಿವೆ. ಮೊದಲನೆಯದು, ನಿಜವಾದ ವಿಳಾಸವನ್ನೇ ಕೊಡುವುದು. ಉತ್ತರ ನೇರವಾಗಿ ಬರುತ್ತದೆ, ಕಸವೂ ಬರುತ್ತದೆ. ಎರಡನೆಯದು, ಇದಕ್ಕೆಂದೇ ಬೇರೊಂದು ಇ-ಮೇಲ್ ವಿಳಾಸ ಮಾಡಿಕೊಂಡು ಅದನ್ನು ಕೊಡುವುದು. ಕಾಲೇಜು, ಬ್ಯಾಂಕು, ಪರೀಕ್ಷೆಯ ಅರ್ಜಿಗಳಿಗೆ ಕೊಟ್ಟ ವಿಳಾಸಕ್ಕೆ ಆಗ ಧಕ್ಕೆಯಿಲ್ಲ. ಹೆಚ್ಚಿನ ವಿದ್ಯಾರ್ಥಿಗಳಿಗೆ ಇದೇ ಸರಿಯಾದ ದಾರಿ.

ಮೂರನೆಯದು, ಕೆಲಸ ಮಾಡದ ವಿಳಾಸವನ್ನು ಕೊಡುವುದು. ಇಲ್ಲೊಂದು ಎಚ್ಚರ ಬೇಕು. ಬಾಯಿಗೆ ಬಂದ ವಿಳಾಸವನ್ನು ಟೈಪ್ ಮಾಡಬಾರದು. ನೀವು ಸುಮ್ಮನೆ ಸೃಷ್ಟಿಸಿದೆನೆಂದು ತಿಳಿದ ವಿಳಾಸ ನಿಜವಾಗಿ ಬೇರೊಬ್ಬರದಾಗಿದ್ದರೆ ಕಸವೆಲ್ಲ ಆ ನಿರಪರಾಧಿಯ ಮನೆಗೆ ಬೀಳುತ್ತದೆ. ಇದಕ್ಕಾಗಿಯೇ 1999ರಲ್ಲಿ ‘ಡಾಟ್ ಇನ್‌ವ್ಯಾಲಿಡ್’ ಎಂಬ ಕೊನೆಯನ್ನು ಕಾದಿರಿಸಿದ್ದಾರೆ. ಆ ಕೊನೆಯುಳ್ಳ ವಿಳಾಸ ಯಾರಿಗೂ ಸಿಗುವುದಿಲ್ಲ, ಮುಂದೆಯೂ ಸಿಗದು. ನ್ಯೂಸ್‌ಗ್ರೂಪ್ ಬರಹಗಳ ಸ್ವರೂಪ ಕುರಿತ 2009ರ ನಿಯಮವೂ ಇದನ್ನೇ ಬಳಸಲು ಹೇಳುತ್ತದೆ. ನೀವು ಬಳಸುವ ಸರ್ವರಿನ ನಿಯಮ ಇದಕ್ಕೆ ಒಪ್ಪುತ್ತದೆಯೇ ಎಂದು ಮಾತ್ರ ಮೊದಲು ಓದಿಕೊಳ್ಳಿ. ಒಂದು ಅನನುಕೂಲವೂ ಇದೆ. ನಿಮ್ಮ ಪ್ರಶ್ನೆಗೆ ಖಾಸಗಿಯಾಗಿ ಉತ್ತರಿಸಬೇಕೆಂದಿದ್ದ ಸಜ್ಜನರಿಗೂ ಬಾಗಿಲು ಮುಚ್ಚಿರುತ್ತದೆ.

ಉಳಿದುಬಿಡುವ ಹೆಸರು

ಫರಂಗಿಪೇಟೆ ಎಂಬ ಹೆಸರನ್ನೇ ನೋಡಿ. ಫರಂಗಿಗಳೆಂದು ಜನ ಕರೆಯುತ್ತಿದ್ದವರು ಪೋರ್ಚುಗೀಸರು. ನೇತ್ರಾವತಿಯ ದಂಡೆಯಿಂದ ಅವರು ಹೋಗಿ ಎಷ್ಟೋ ಕಾಲವಾಯಿತು. ಬಸ್ಸಿನ ಬೋರ್ಡಿನಲ್ಲಿ ಹೆಸರು ಮಾತ್ರ ಉಳಿದಿದೆ.

ನ್ಯೂಸ್‌ಗ್ರೂಪಿಗೆ ಹೋದ ಹೆಸರೂ ಹೀಗೆಯೇ. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿಯೊಬ್ಬ ಮಿನಿಕ್ಸ್ ಕುರಿತ ನ್ಯೂಸ್‌ಗ್ರೂಪಿನಲ್ಲಿ, ತಾನೊಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಮಾಡುತ್ತಿದ್ದೇನೆ, ಹವ್ಯಾಸಕ್ಕಾಗಿ ಅಷ್ಟೆ ಎಂಬ ಅರ್ಥದ ಮಾತು ಬರೆದ. ಮೊದಲು ವಿಶ್ವವಿದ್ಯಾಲಯದ ವಿಳಾಸ, ಅದರ ಪಕ್ಕ ಕಂಸದಲ್ಲಿ ಪೂರ್ಣ ಹೆಸರು: ಲಿನಸ್ ಬೆನೆಡಿಕ್ಟ್ ಟೊರ್ವಾಲ್ಡ್ಸ್. ಆ ಪುಟ್ಟ ಕೆಲಸವೇ ಲಿನಕ್ಸ್. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರವೂ ಆ ಪತ್ರವನ್ನು ಅದೇ ಹೆಸರು, ಅದೇ ವಿಳಾಸದೊಂದಿಗೆ ಓದಬಹುದು.

ಒಳ್ಳೆಯದು ಉಳಿದ ಹಾಗೆ ಕೆಟ್ಟದ್ದೂ ಉಳಿಯುತ್ತದೆ. ಡೇಜಾನ್ಯೂಸ್ ಎಂಬ ಸಂಸ್ಥೆ 1995ರಲ್ಲಿ ನ್ಯೂಸ್‌ಗ್ರೂಪುಗಳ ಬರಹಗಳನ್ನು ಸಂಗ್ರಹಿಸಿ ಹುಡುಕಲು ಕೊಡತೊಡಗಿತು. 2001ರಲ್ಲಿ ಆ ಸಂಗ್ರಹ ಗೂಗಲ್ ಪಾಲಾಯಿತು, ಅದಕ್ಕೆ 1981ರಷ್ಟು ಹಿಂದಿನ ಬರಹಗಳೂ ಸೇರಿದವು. ಬರೆದ ಮೇಲೆ ರದ್ದು ಮಾಡುವ ಆಜ್ಞೆಯೊಂದು ಇದೆಯಾದರೂ ಎಲ್ಲ ಸರ್ವರುಗಳೂ ಅದನ್ನು ಪಾಲಿಸುವುದಿಲ್ಲ. ಹದಿನಾರರ ಹುಡುಗ ಸಿಟ್ಟಿನಲ್ಲಿ ಬರೆದ ನಾಲ್ಕು ಸಾಲನ್ನು ಅವನಿಗೆ ಇಪ್ಪತ್ತಾರಾದಾಗ ಕೆಲಸ ಕೊಡುವವರು ಓದಿಯಾರು.

ಮುದ್ದಣ ಮತ್ತು ಕವಿಶಿಷ್ಯ

ಹಾಗಾದರೆ ನಿಜ ಹೆಸರನ್ನು ಮರೆಸಿಡುವುದು ಮೋಸವೇ? ಅಲ್ಲ. ನಮ್ಮ ಜಿಲ್ಲೆಯ ಹಿರಿಯರೇ ಇದಕ್ಕೆ ಸಾಕ್ಷಿ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ‘ಕವಿಶಿಷ್ಯ’ ಎಂಬ ಹೆಸರಿನಿಂದ ಬರೆದರು. ಉಡುಪಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ತಮ್ಮ ಕೃತಿಗಳನ್ನು ತಮ್ಮವೆಂದು ಹೇಳಿಕೊಳ್ಳದೆ, ಹಳೆಯ ಕವಿಯೊಬ್ಬನ ಕೃತಿಗಳೆಂಬಂತೆ ಮೈಸೂರಿನ ಕಾವ್ಯಮಂಜರಿಗೆ ಕಳುಹಿಸಿದರು. ಕನ್ನಡಕ್ಕೆ ದೊರೆತ ಮುದ್ದಣ ಅವರೇ. 1901ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಬರೆದವರು ಯಾರೆಂಬುದು ಲೋಕಕ್ಕೆ ಸ್ಪಷ್ಟವಾಗಿ ತಿಳಿದದ್ದು ಆಮೇಲೆ.

ಇವರಿಬ್ಬರೂ ಬದುಕಿದ್ದ ಇನ್ನೊಬ್ಬರ ಹೆಸರನ್ನು ಕದಿಯಲಿಲ್ಲ. ಕಾವ್ಯನಾಮಕ್ಕೂ ಕಳ್ಳಹೆಸರಿಗೂ ಇರುವ ಗೆರೆ ಇದೇ. ಹೆಸರಿನ ಚೌಕದಲ್ಲಿ ನೀವು ‘ಬಾನಾಡಿ’ ಎಂದು ಬರೆದುಕೊಂಡರೆ ಅದು ನಿಮ್ಮ ಇಷ್ಟ. ಅಲ್ಲಿ ನಿಮ್ಮ ಮೇಷ್ಟ್ರ ಹೆಸರನ್ನೋ ಸಹಪಾಠಿಯ ಹೆಸರನ್ನೋ ಬರೆದು ತಮಾಷೆ ಮಾಡಿದರೆ ಅದು ತಮಾಷೆಯಾಗಿ ಉಳಿಯಲಿಕ್ಕಿಲ್ಲ. ಕಂಪ್ಯೂಟರಿನ ಮೂಲಕ ಇನ್ನೊಬ್ಬರಂತೆ ನಟಿಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಯಾರಿಗೂ ಗೊತ್ತಾಗದು ಎಂದುಕೊಳ್ಳಲೂಬೇಡಿ. ಚೌಕದಲ್ಲಿ ಬರೆದದ್ದನ್ನು ಸರ್ವರು ಪ್ರಶ್ನಿಸದಿರಬಹುದು. ಆದರೆ ಪ್ರತಿ ಬರಹದ ತಲೆಯ ಮೇಲೆ ಅದು ಯಾವ ಸರ್ವರಿನ ಮೂಲಕ ಒಳಬಂತು, ಯಾವ ದಾರಿಯಲ್ಲಿ ಸಾಗಿತು ಎಂಬ ಗುರುತುಗಳು ಸೇರುತ್ತವೆ. ಯಾವ ಖಾತೆಯಿಂದ ಬಂತೆಂಬ ಲೆಕ್ಕವೂ ಸರ್ವರ್ ನಡೆಸುವವರ ಬಳಿ ಇರಬಹುದು.

ತಂದೆತಾಯಂದಿರಿಗೆ ಒಂದು ಮಾತು

ನ್ಯೂಸ್‌ಗ್ರೂಪ್ ನಮಗೇಕೆ, ನಾವು ನೋಡುವುದು ಮೊಬೈಲು ಮಾತ್ರ ಎನ್ನುವವರಿಗೂ ಈ ಎರಡು ಚೌಕಗಳ ಪಾಠ ಬೇಕು. ನಿಮ್ಮ ಮೊಬೈಲಿಗೆ ಬರುವ ಇ-ಮೇಲ್‌ನಲ್ಲಿ ದಪ್ಪ ಅಕ್ಷರಗಳಲ್ಲಿ ಕಾಣುವ ‘ನಿಮ್ಮ ಬ್ಯಾಂಕ್’ ಎಂಬ ಹೆಸರು ಯಾರೋ ಒಂದು ಚೌಕದಲ್ಲಿ ಟೈಪ್ ಮಾಡಿದ್ದು, ಅಷ್ಟೆ. ವಿಳಾಸದ ಬಲಭಾಗ ನಿಜವೇ ಎಂದು ಪರೀಕ್ಷಿಸುವ ಏರ್ಪಾಡುಗಳು ಇ-ಮೇಲ್‌ನಲ್ಲಿ ಬಂದಿವೆ. ಹೆಸರಿನ ಚೌಕವನ್ನು ಅವು ಪರೀಕ್ಷಿಸುವುದಿಲ್ಲ. ಗಲ್ಫಿನಲ್ಲಿರುವ ಮಗನ ಹೆಸರಿನಲ್ಲಿ ‘ತುರ್ತಾಗಿ ಹಣ ಬೇಕು’ ಎಂಬ ಪತ್ರ ಬಂದರೆ ಹೆಸರನ್ನು ಒತ್ತಿ ಅದರ ಹಿಂದಿನ ಪೂರ್ತಿ ವಿಳಾಸವನ್ನು ಓದಿ. ವಿಳಾಸ ಸರಿಯೆನಿಸಿದರೂ ಹಣ ಕಳುಹಿಸುವ ಮೊದಲು ಫೋನು ಮಾಡಿ ಅವನ ದನಿಯನ್ನೇ ಕೇಳಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930 ಎಂಬ ಸಹಾಯವಾಣಿಗೆ ಕರೆ ಮಾಡಿ.

ಮಕ್ಕಳು ಹೊಸ ತಂತ್ರಾಂಶದಲ್ಲಿ ಹೆಸರು ತುಂಬಿಸುವಾಗ ಹತ್ತಿರ ಕುಳಿತುಕೊಳ್ಳಿ. ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ‘ಇದರಲ್ಲಿ ಏನು ಬರೆದೆ? ಇದನ್ನು ಯಾರೆಲ್ಲ ಓದುತ್ತಾರೆ?’ ಎಂದು ಕೇಳಿದರೆ ಸಾಕು. ಸಂಸ್ಥೆಯ ಚೌಕದಲ್ಲಿ ಶಾಲೆಯ ಹೆಸರು ಬೇಡ. ಸಹಿಯಲ್ಲಿ ಫೋನ್ ನಂಬರು, ಮನೆಯ ಗುರುತು, ತರಗತಿ ಬೇಡ. ಅಂತರಜಾಲದ ಶಿಷ್ಟಾಚಾರ ಕುರಿತ 1995ರ ದಾಖಲೆಯೊಂದು ಸಹಿ ನಾಲ್ಕು ಸಾಲು ಮೀರಬಾರದು ಎನ್ನುತ್ತದೆ. ಮಕ್ಕಳಿಗೆ ಒಂದು ಸಾಲೇ ಧಾರಾಳ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ಎಲ್ಲ ತುಂಬಿಸಿದ ಮೇಲೆ ನೇರವಾಗಿ ದೊಡ್ಡ ಗುಂಪಿಗೆ ಬರೆಯಬೇಡಿ. ಪರೀಕ್ಷೆಗೆಂದೇ ಇರುವ ‘ಮಿಸ್ಕ್ ಡಾಟ್ ಟೆಸ್ಟ್’ ಎಂಬ ಗುಂಪಿಗೆ ಒಂದು ಸಾಲು ಕಳುಹಿಸಿ, ಸ್ವಲ್ಪ ಹೊತ್ತಿನ ಬಳಿಕ ಅದನ್ನು ತೆರೆದು ನೋಡಿ. ಮೇಲೆ ‘ಇವರಿಂದ’ ಎಂಬ ಸಾಲಿನಲ್ಲಿ ನಿಮ್ಮ ಹೆಸರು ಹೇಗೆ ಕಾಣುತ್ತಿದೆ? ಚುಕ್ಕಿ ಸರಿಯಿದೆಯೇ? ಕನ್ನಡ ಅಕ್ಷರ ಗಂಟಾಗಿದೆಯೇ? ವಿಳಾಸ ನೀವು ಕೊಡಬೇಕೆಂದಿದ್ದದ್ದೇ ಹೌದೇ? ತಪ್ಪಿದ್ದರೆ ಅಲ್ಲೇ ತಿದ್ದಿಕೊಳ್ಳಿ. ಆಮೇಲೆ ನಿಮ್ಮ ಪ್ರಶ್ನೆಯನ್ನು ಧೈರ್ಯವಾಗಿ ಕೇಳಿ.